ಗೂನಜ್ಜಿಯ ಬೆನ್ನು

ಗೂನಜ್ಜಿ ಯಾರೆಂದು ಗೊತ್ತಿಲ್ಲದ ಮಗು ಈ ಊರಿನಲ್ಲಿ ಇಲ್ಲ. ಹನ್ನೆರಡು ಪುಸ್ತಕಗಳ ಆ ಸರಣಿಯಲ್ಲಿ ರಾಜಕುಮಾರ ಇದ್ದಾನೆ, ಉರಿಯುವ ಕತ್ತಿ ಇದೆ, ಸುಳ್ಳು ಹೇಳುವ ಬಾವಿ ಇದೆ. ಆದರೆ ಪುಸ್ತಕ ಕೈಗೆ ಸಿಕ್ಕ ತಕ್ಷಣ ಎಲ್ಲರೂ ಹುಡುಕುವುದು ಬೆನ್ನ ಮೇಲೆ ಇಡೀ ಒಂದು ಹಳ್ಳಿಯನ್ನೇ ಹೊತ್ತು ಕಾಲೆಳೆದುಕೊಂಡು ನಡೆಯುವ ಆ ಮುದಿ ಡ್ರ್ಯಾಗನ್ನನ್ನು. ಕತೆ ಬರೆದವರು ದೊಡ್ಡ ಮನುಷ್ಯರು, ಇರಲಿ. ಆದರೆ ಅವರು ಬರೆದದ್ದು "ಒಂದು ಹಳೆಯ ಡ್ರ್ಯಾಗನ್ ಬಂತು" ಎಂಬ ನಾಲ್ಕೇ ನಾಲ್ಕು ಪದ. ಮಿಕ್ಕಿದ್ದೆಲ್ಲ ಚಿತ್ರ ಬರೆದ ಗೀಚಿಯದು. ಜೋತುಬಿದ್ದ ಎಡಗಣ್ಣಿನ ರೆಪ್ಪೆ, ಹರಿದು ತೇಪೆ ಹಾಕಿದ ರೆಕ್ಕೆ, ನಡೆಯುವಾಗ ಹೊರಕ್ಕೆ ತಿರುಗುವ ಹಿಂಗಾಲು, ಮತ್ತೆ ಆ ಬೆನ್ನು!

ಗೀಚಿ ಅನ್ನುವುದು ಅಕ್ಕ ಇಟ್ಟ ಹೆಸರು. ಚಿಕ್ಕವಳಿದ್ದಾಗ ಗೋಡೆ, ಬಾಗಿಲು, ಮಲಗಿದವರ ಅಂಗಾಲು, ಏನು ಸಿಕ್ಕರೂ ಗೀಚುತ್ತಿದ್ದಳು. ಈಗ ಐವತ್ತನಾಲ್ಕಾದರೂ ಬೀದಿಯಲ್ಲಿ ಎಲ್ಲರಿಗೂ ಅವಳು ಗೀಚಿಯೇ. ಪುಸ್ತಕದ ಮೇಲಿರುವ ಹೆಸರು ಕರೆದರೆ ಅವಳೇ ತಿರುಗಿ ನೋಡುತ್ತಾಳೋ ಇಲ್ಲವೋ.

ಗೀಚಿಗೆ ಚಿತ್ರ ಕಲಿಸಿದವರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಒಬ್ಬ ಮುದುಕ ಪೇಂಟರ್. ಏಣಿಯ ಕೆಳಗೆ ನಿಂತು ಡಬ್ಬಿ ಹಿಡಿದುಕೊಂಡೇ ಕಲಿತಳು. ಅವರ ಪಾಠ ಒಂದೇ. "ಹೆಸರು ಮರ್ತುಬಿಡು, ಗೆರೆ ನೋಡು. ಕಿವಿ ಅಂದ್ಕೊಂಡ್ಯೋ, ನಿನ್ನ ತಲೆಯೊಳಗಿರೋ ಕಿವಿ ಬರೀತೀಯ. ಎದುರಿಗಿರೋದು ಕಿವಿ ಅಲ್ಲ ಕಣಮ್ಮ, ಒಂದು ಗೆರೆ, ಪಕ್ಕದಲ್ಲಿಷ್ಟು ಕತ್ತಲೆ." ಗೀಚಿ ಅದನ್ನು ನುಂಗಿ ನೀರು ಕುಡಿದಳು. ಯಾವುದನ್ನೇ ನೋಡಲಿ, ಎರಡು ನಿಮಿಷದಲ್ಲಿ ಅದರ ಹೆಸರು ಅವಳ ತಲೆಯಿಂದ ಉದುರಿಹೋಗುತ್ತಿತ್ತು. ಉಳಿಯುತ್ತಿದ್ದದ್ದು ಗೆರೆ ಮಾತ್ರ.

ಬೆಳಗ್ಗೆ ಎದ್ದರೆ ಮೊದಲು ಮಾಂಸದ ಅಂಗಡಿ. ಕೊಳ್ಳುವುದಕ್ಕಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತು ತೂಗುಹಾಕಿದ ಕೀಲುಗಳನ್ನು, ಕೋಳಿಯ ರೆಕ್ಕೆ ಮಡಿಚುವ ರೀತಿಯನ್ನು ಬರೆದುಕೊಳ್ಳುವುದಕ್ಕೆ. ಅಂಗಡಿಯವನು ಕತ್ತಿ ಮಸೆಯುತ್ತಲೇ ರೇಗಿಸುತ್ತಿದ್ದ.

"ಏನಮ್ಮಾ, ಇವತ್ತು ಯಾವ ರಾಕ್ಷಸನಿಗೆ ಮೊಣಕಾಲು ಬೇಕಾಗಿತ್ತು?"

"ಇವತ್ತು ಮೊಣಕಾಲು ಬೇಡ. ನಿನ್ನ ಗದ್ದ ಸ್ವಲ್ಪ ಮೇಲೆತ್ತು."

"ಅಯ್ಯೋ, ನನ್ನ ಹೆಂಡ್ತಿನೂ ನೋಡದಿರೋ ಗದ್ದ ಇದು!"

ಮೂರನೇ ಪುಸ್ತಕದ ಕೆಸರು ದೊರೆಗೆ ಆ ಗದ್ದವೇ ಬಂತು. ಕೋಟೆ ಕಾಯುವ ನಿದ್ದೆಗಣ್ಣಿನ ಭೂತಗಳೆಲ್ಲ ಬಸ್ ನಿಲ್ದಾಣದಲ್ಲಿ ಆಕಳಿಸುತ್ತಿದ್ದವರು. ಹೊಳೆಯ ಹೆಣ್ಣು ಎಂದರೆ ಪಕ್ಕದ ತಾರಸಿಯಲ್ಲಿ ಗಾಳಿಗೆ ತುಂಬಿಕೊಂಡಿದ್ದ ಒದ್ದೆ ಬೆಡ್‌ಶೀಟು. ಇಲ್ಲದ ಜಗತ್ತಿನಲ್ಲಿ ಬರುವ ಒಂದು ಉಗುರಾದರೂ ಇರುವ ಜಗತ್ತಿನ ಯಾರಿಂದಲೋ ಕಿತ್ತುಕೊಂಡದ್ದೇ ಆಗಿರಬೇಕು. ಇದು ಗೀಚಿಯ ಹಟ. ಬೇರೆಯವರು ಬರೆದ ಡ್ರ್ಯಾಗನ್ ನೋಡಿ ಡ್ರ್ಯಾಗನ್ ಬರೆಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ರಬ್ಬರ್ ಮುಟ್ಟುತ್ತಿರಲಿಲ್ಲ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಕು, ಅದರ ಕೆಳಗೆ ಒಂದೆರಡು ಸಾಲು ಟಿಪ್ಪಣಿ. ಹೀಗೆ ತುಂಬಿದ ನೋಟುಬುಕ್ಕುಗಳು ಮಂಚದ ಕೆಳಗೆ ಇಟ್ಟಿಗೆಯ ಹಾಗೆ ಸಾಲಾಗಿ ಕೂತಿದ್ದವು. ಅವನ್ನು ಯಾರೂ ಮುಟ್ಟುವಂತಿರಲಿಲ್ಲ, ಅಕ್ಕನೂ.

ಆ ಹಟದಂತೆ ನೋಡಿದರೆ ಗೂನಜ್ಜಿ ಅಂದರೆ ಅಕ್ಕ.

ಅಕ್ಕ ಎಂಟು ವರ್ಷ ದೊಡ್ಡವಳು. ಟೈಲರ್. ಅಮ್ಮ ತೀರಿಕೊಂಡ ಮೇಲೆ ಮನೆಯನ್ನೂ ತಂಗಿಯನ್ನೂ ನಡೆಸಿದ್ದು ಅವಳ ಹೊಲಿಗೆ ಮಿಷನ್ನೇ. ಇಬ್ಬರೂ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ ಅಕ್ಕ, "ನಂಗೆ ಪುರುಸೊತ್ತಿರ್ಲಿಲ್ಲ, ಇವಳಿಗೆ ನೆನಪಿರ್ಲಿಲ್ಲ" ಅನ್ನುತ್ತಿದ್ದಳು. ಎರಡೇ ರೂಮಿನ ಮನೆ. ಬೀದಿ ಕಡೆಯ ಕಿಟಕಿಗೆ ಅಕ್ಕನ ಮಿಷನ್, ಹಿಂದಿನ ಕಿಟಕಿಗೆ ಗೀಚಿಯ ಮೇಜು. ದಿನವಿಡೀ ಸಮವಸ್ತ್ರ, ಪರದೆ, ಯಾರದೋ ಪ್ಯಾಂಟಿನ ಸೊಂಟ ಬಿಚ್ಚುವುದು, ಹಿಡಿಯುವುದು. ಮಧ್ಯಾಹ್ನ ನಾಲ್ಕಕ್ಕೆ ಮಿಷನ್ ನಿಂತರೆ, ಒಂದು ಲೋಟ ಟೀ ಕುಡಿದು ಅಕ್ಕ ಹಿಂದಿನ ರೂಮಿಗೆ ಬಂದು ಡ್ರ್ಯಾಗನ್ ಆಗುತ್ತಿದ್ದಳು.

ಅದೊಂದು ನೋಡುವಂಥ ತಮಾಷೆ. ಹಳೆಯ ಕೊಡೆಯ ಕಡ್ಡಿಗಳನ್ನು ತೋಳಿಗೆ ಕಟ್ಟಿಕೊಂಡು, ಅದಕ್ಕೆ ಯಾರದೋ ಪರದೆ ಬಟ್ಟೆ ಇಳಿಬಿಟ್ಟು, ಅಕ್ಕ ಸ್ಟೂಲಿನ ಮೇಲೆ ಕಾಲಿಟ್ಟು ನಿಲ್ಲುತ್ತಿದ್ದಳು.

"ಒಳ್ಳೆ ಕಾಟ ಕಣೇ ನಿಂದು. ಎಲ್ಲರ ಮನೆ ತಂಗೀರೂ ಅಕ್ಕನ್ನ ರಾಣಿ ಥರ ನೋಡ್ಕೊಳ್ತಾರೆ. ನನ್ನ ತಂಗಿ ನನ್ನನ್ನ ಹಲ್ಲಿ ಮಾಡಿದಾಳೆ."

"ಹಲ್ಲಿ ಅಲ್ಲಕ್ಕ, ಡ್ರ್ಯಾಗನ್."

"ರೆಕ್ಕೆ ಇರೋ ಹಲ್ಲಿ. ಬೇಗ ಬರಿಯೇ, ಪರದೆಯೋರು ಐದಕ್ಕೆ ಬರ್ತಾರೆ."

ಹನ್ನೊಂದು ವರ್ಷ, ಹನ್ನೊಂದು ಪುಸ್ತಕ. ಐದನೆಯದನ್ನು ಬರೆಯುತ್ತಿದ್ದಾಗ ಒಂದು ದಿನ ಅಕ್ಕ ಸ್ಟೂಲು ಹತ್ತದೆ ಗೋಡೆ ಹಿಡಿದು ನಿಂತಳು. "ಯಾಕೋ ಬೆನ್ನಲ್ಲಿ ಚಳಕ್ ಅಂತು. ಇವತ್ತು ಬೇಡ ಕಣೇ."

"ಹತ್ತೇ ನಿಮಿಷ ಅಕ್ಕ. ಅಯ್ಯೋ, ಹಾಗೇ ಇರು, ಹಾಗೇ ಇರು! ಅಲ್ಲಾಡ್ಬೇಡ!"

ಅಕ್ಕ ಅಲ್ಲಾಡಲಿಲ್ಲ. ಐದನೇ ಪುಸ್ತಕದ ಮುಖಪುಟದಲ್ಲಿ ಗೂನಜ್ಜಿ ಬೆಟ್ಟಕ್ಕೆ ಒರಗಿ ಉಸಿರೆಳೆದುಕೊಳ್ಳುತ್ತಾಳಲ್ಲ, ಅದು ಆ ಹತ್ತು ನಿಮಿಷ. ಆ ಚಿತ್ರವನ್ನು ಎಷ್ಟು ಜನ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾರೋ ಲೆಕ್ಕವಿಲ್ಲ.

ಆಮೇಲೆ ಯಾವುದೋ ಶಾಲೆಯ ಲೈಬ್ರರಿಯಲ್ಲಿ ಮಕ್ಕಳು ಎಲ್ಲ ಮುಖಪುಟಗಳನ್ನೂ ಸಾಲಾಗಿ ನಿಲ್ಲಿಸಿ ಒಂದು ಸಂಗತಿ ಕಂಡುಹಿಡಿದರು. ಐದನೆಯದರಿಂದ ಆಚೆಗೆ ಪುಸ್ತಕದಿಂದ ಪುಸ್ತಕಕ್ಕೆ ಗೂನಜ್ಜಿಯ ಬೆನ್ನು ಒಂದಿಷ್ಟಿಷ್ಟೇ ಬಾಗುತ್ತಿದೆ! ಹೊತ್ತ ಹಳ್ಳಿ ಬೆಳೆಯುತ್ತಿದೆ, ಅಜ್ಜಿ ಕುಗ್ಗುತ್ತಿದ್ದಾಳೆ. ಕತೆಯಲ್ಲಿ ಎಲ್ಲೂ ಹೇಳದ ಸಂಗತಿ. ಸುದ್ದಿ ಹಬ್ಬಿತು. ಪತ್ರಿಕೆಯವರು ಬಂದು ಕೇಳಿದರು, ಇದು ನಿಮಗೆ ಹೇಗೆ ಹೊಳೆಯಿತು ಅಂತ. ಗೀಚಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಮೊದಲ ದಿನದಿಂದಲೂ ಅದೇ ಯೋಚನೆ ಇತ್ತು" ಎಂದಳು.

ಇರಲಿಲ್ಲ. ಎದುರಿಗಿದ್ದದ್ದನ್ನು ಬರೆದಿದ್ದಳು, ಅಷ್ಟೆ. ಆದರೆ ಹೇಳಿದ ಮೇಲೆ ಅವಳಿಗೂ ಅದೇ ನಿಜ ಅನ್ನಿಸಿತು. ಅಕ್ಕ ಪತ್ರಿಕೆಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ಜೋರಾಗಿ ಓದಿ, "ಭಾರೀ ಪ್ಲಾನು ಕಣೇ ನಿಂದು" ಎಂದು ನಕ್ಕಳು.

ಹನ್ನೆರಡನೆಯದು ಕೊನೆಯ ಪುಸ್ತಕ. ಪ್ರಕಾಶನದ ಸಂಪಾದಕಿ ಫೋನಿನಲ್ಲೇ ಕುಣಿದಾಡುತ್ತಿದ್ದಳು. ಕೊನೆಯ ಎರಡು ಪುಟಕ್ಕೆ ಒಂದೇ ಚಿತ್ರ. ಹಳ್ಳಿಯವರು ಇಳಿಯುತ್ತಾರೆ, ಗೂನಜ್ಜಿ ಬೆನ್ನು ನೆಟ್ಟಗೆ ಮಾಡಿ, ರೆಕ್ಕೆ ಬಿಚ್ಚಿ, ಹಾರುತ್ತಾಳೆ. "ಒಂದಕ್ಷರ ಇರಲ್ಲ ಆ ಪುಟದಲ್ಲಿ. ಪೂರ್ತಿ ನಿಮ್ಮ ಮೇಲೇ ಬಿಟ್ಟಿದೀವಿ. ಆ ಬೆನ್ನು ನೆಟ್ಟಗಾಗೋದನ್ನ ನೋಡಿ ಜನ ಅಳ್ಬೇಕು!"

ನಾಲ್ಕು ಗಂಟೆಗೆ ಮಿಷನ್ ನಿಂತಿತು. ಅಕ್ಕ ಟೀ ಕುಡಿದು ಬಂದಳು. ಕೊಡೆ ಕಡ್ಡಿ ಕಟ್ಟಿಕೊಂಡಳು.

"ಇವತ್ತು ಬಾಗೋದು ಬೇಡಕ್ಕ. ನೆಟ್ಟಗೆ ನಿಂತ್ಕೋ. ತೋಳು ಅಗಲ ಮಾಡು."

ಅಕ್ಕ ತೋಳು ಅಗಲಿಸಿದಳು. ಗೀಚಿ ಬರೆಯತೊಡಗಿದಳು. ಎರಡು ಗೆರೆ, ಮೂರು ಗೆರೆ. ಪೆನ್ಸಿಲ್ ನಿಂತಿತು.

"ನೆಟ್ಟಗೆ ಅಕ್ಕ."

"ಹೂಂ."

"ಹೂಂ ಅಲ್ಲ, ನೆಟ್ಟಗೆ ನಿಲ್ಲೇ."

"ನಿಂತಿದೀನಲ್ಲೇ."

ಗೀಚಿಗೆ ರೇಗಿತು. ಬೆಳಕು ಇಳಿಯುತ್ತಿದೆ, ಸಂಪಾದಕಿಗೆ ವಾರದೊಳಗೆ ಚಿತ್ರ ಬೇಕು, ಇವಳದ್ದೊಂದು ತಮಾಷೆ. ಎದ್ದು ಹೋಗಿ, ಅಕ್ಕನ ಎರಡು ಭುಜಗಳ ನಡುವೆ ಅಂಗೈ ಇಟ್ಟು, ಮುದುರಿದ ಬಟ್ಟೆ ಸರಿಮಾಡುವ ಹಾಗೆ ಮುಂದಕ್ಕೆ ಒತ್ತಿದಳು. ಅಕ್ಕ ಕೂಗಿದ ಕೂಗಿಗೆ ಮೇಲಿನ ಮನೆಯ ಟೀಚರ್ ಮೆಟ್ಟಿಲು ಇಳಿದು ಓಡಿಬಂದರು. ಅಕ್ಕ ಪರದೆ ಬಟ್ಟೆಯ ಜೊತೆಗೇ ನೆಲಕ್ಕೆ ಕೂತಿದ್ದಳು. ತೋಳಿನಲ್ಲಿ ಕಡ್ಡಿಗಳು ಇನ್ನೂ ಅಗಲವಾಗಿಯೇ ಇದ್ದವು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಪೆನ್ನಿನ ತುದಿಯಿಂದ ತೋರಿಸಿದರು. ಮೂಳೆ ಟೊಳ್ಳಾಗಿದೆ. ಬೆನ್ನಿನ ಮಣಿಗಳು ಒಂದರ ಮೇಲೊಂದು ಕುಸಿದಿವೆ. ಒಂದೇ ದಿನ ಅಲ್ಲ, ಒಂದೊಂದಾಗಿ.

"ಯಾವಾಗಿಂದ ಬಾಗೋಕೆ ಶುರುವಾಯ್ತು?"

"ಮೊನ್ನೆ ಮೊನ್ನೆಯಿಂದ" ಎಂದಳು ಅಕ್ಕ. "ಹೊಲಿಯೋಳಲ್ವಾ, ಸ್ವಲ್ಪ ಬಗ್ಗೇ ಇರ್ತೀನಿ."

"ಮೊನ್ನೆಯದಲ್ಲಮ್ಮ ಇದು. ನೆನಪು ಮಾಡ್ಕೊಳ್ಳಿ. ಹಳೇದ್ಯಾವುದು, ಹೊಸದ್ಯಾವುದು ಗೊತ್ತಾದ್ರೆ ಔಷಧಿ ಕೊಡೋದಕ್ಕೆ ಅನುಕೂಲ."

ಗೀಚಿಗೆ ಥಟ್ಟನೆ ಹೊಳೆಯಿತು. ಹೊಳೆದದ್ದಕ್ಕೆ ಖುಷಿಯೂ ಆಯಿತು, ಅದೇ ನಾಚಿಕೆಗೇಡು. "ನನ್ ಹತ್ರ ಇದೆ ಡಾಕ್ಟ್ರೇ! ತಾರೀಕಿನ ಸಮೇತ ಇದೆ!"

ಮಾರನೆಯ ದಿನ ಎರಡು ಚೀಲದ ತುಂಬ ನೋಟುಬುಕ್ಕು ಹೊತ್ತು ತಂದಳು. ಅಕ್ಕ ಒಂದು ಕೈಯಲ್ಲಿ ಸೊಂಟ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಡಾಕ್ಟರು ಮೊದಲು ಬೇಡವೆಂಬಂತೆ ತಿರುವಿದರು. ನಾಲ್ಕನೆಯ ನೋಟುಬುಕ್ಕಿಗೆ ಬರುವ ಹೊತ್ತಿಗೆ ಕನ್ನಡಕ ಬದಲಾಯಿಸಿದರು. ಆಮೇಲೆ ಪುಟಗಳನ್ನು ಬಿಡಿಸಿ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಮುಖಪುಟದಲ್ಲಿ ಬರುವ ಚಿಪ್ಪು, ರೆಕ್ಕೆ, ಹಳ್ಳಿ ಯಾವುದೂ ಇವುಗಳಲ್ಲಿ ಇರಲಿಲ್ಲ. ತೆಳುವಾದ ಅಂಗಿ ಹಾಕಿದ ಒಬ್ಬ ಹೆಂಗಸಿನ ಬೆನ್ನು ಮಾತ್ರ, ಪುಟ ಪುಟಕ್ಕೂ.

"ಇಲ್ಲಿ ನೋಡಿ" ಎಂದರು ಡಾಕ್ಟರು. "ಇಲ್ಲೀವರೆಗೆ ಸರಿ ಇದೆ. ಇಲ್ಲಿ, ಏಳು ವರ್ಷದ ಹಿಂದೆ, ಮೊದಲನೇ ಮಣಿ ಕುಸಿದಿದೆ. ಆವತ್ತು ಚಳುಕು ಹೊಡೆದಿರ್ಬೇಕು ಅಲ್ವಾ? ಇದು ಎರಡನೇದು. ಇದು ಮೂರು. ಇಷ್ಟು ಕರಾರುವಾಕ್ಕಾಗಿ ನಾನು ಎಲ್ಲೂ ನೋಡಿಲ್ಲ. ಯಾರು ಬರೆದಿದ್ದು?"

"ನನ್ನ ತಂಗಿ" ಎಂದಳು ಅಕ್ಕ.

ಡಾಕ್ಟರು ಗೀಚಿಯ ಮುಖ ನೋಡಿದರು. ನಿಧಾನವಾಗಿ, "ಮೊದಲನೇದು ಆದಾಗಲೇ ಕರ್ಕೊಂಡು ಬಂದಿದ್ರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಈಗ ಆಗಿರೋದನ್ನ ನೆಟ್ಟಗೆ ಮಾಡೋಕಾಗಲ್ಲ. ಮಿಕ್ಕಿರೋದನ್ನ ಉಳಿಸ್ಕೋಬೇಕು, ಅಷ್ಟೆ" ಎಂದರು. ಮಿಷನ್ ತುಳಿಯುವಂತಿಲ್ಲ. ಸೊಂಟಕ್ಕೆ ಬೆಲ್ಟು. ದಿನಾ ಮಾತ್ರೆ. ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಅಳೆಯಬೇಕು. ಕಡಿಮೆಯಾದರೆ ಇನ್ನೊಂದು ಮಣಿ ಹೋಯಿತು ಅಂತ, ತಕ್ಷಣ ಬರಬೇಕು.

ಇಷ್ಟು ಹೊತ್ತೂ ಅಕ್ಕನ ಕಣ್ಣು ಮೇಜಿನ ಮೇಲಿತ್ತು. ಹನ್ನೆರಡು ವರ್ಷದಲ್ಲಿ ಅವಳು ಈ ನೋಟುಬುಕ್ಕುಗಳನ್ನು ನೋಡಿದ್ದು ಇದೇ ಮೊದಲು. ಅಚ್ಚಾಗಿ ಬಂದ ಗೂನಜ್ಜಿಯನ್ನು ನೋಡಿದ್ದಳು, ನಕ್ಕಿದ್ದಳು. ಅವಳು ಕೈ ಚಾಚಿ ಒಂದು ಹಾಳೆ ಎಳೆದುಕೊಂಡಳು, ಕನ್ನಡಕ ಏರಿಸಿದಳು, ಮೂಲೆಯಲ್ಲಿದ್ದ ಟಿಪ್ಪಣಿಯನ್ನು ಪತ್ರಿಕೆ ಓದಿದ ಅದೇ ದನಿಯಲ್ಲಿ ಓದಿದಳು.

"'ಬೆನ್ನು ಇವತ್ತು ಅದ್ಭುತ. ಇನ್ನೊಂಚೂರು ಬಾಗಿದ್ರೆ ಪೂರ್ತಿ ಅಜ್ಜಿ ಸಿಗ್ತಿದ್ಲು.'"

ಡಾಕ್ಟರು ಎಕ್ಸ್‌ರೇ ಕಡೆಗೆ ತಿರುಗಿಕೊಂಡರು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮೂರು ಸ್ಟಾಪು ಕಳೆದ ಮೇಲೆ ಗೀಚಿ ಬಾಯಿ ಬಿಟ್ಟಳು. "ನಂಗೆ ಗೊತ್ತಾಗ್ಲಿಲ್ಲ ಅಕ್ಕ. ದೇವರಾಣೆ."

"ಗೊತ್ತಾಗ್ಲಿಲ್ಲ ಅನ್ಬೇಡ. ಎಷ್ಟು ಬಾಗಿದೆ ಅಂತ ಒಂದು ಕೂದಲೆಳೆ ತಪ್ಪಿಲ್ದೆ ಬರ್ದಿದೀಯ. ಡಾಕ್ಟ್ರೇ ಹೇಳಿದ್ರಲ್ಲ."

"ನಾನು ಗೆರೆ ನೋಡ್ತಿದ್ದೆ..."

"ಹೂಂ" ಎಂದಳು ಅಕ್ಕ. "ನೀನು ನನ್ನ ನೋಡ್ತಿದೀಯ ಅಂದ್ಕೊಂಡಿದ್ದೆ ನಾನು. ಇಡೀ ದಿನ ಹೊಲಿದು ಸಾಕಾಗಿರೋದು. ನಾಲ್ಕು ಗಂಟೆ ಆದ್ರೆ ಇವಳೊಬ್ಬಳಾದ್ರೂ ನನ್ನ ಕೂತ್ಕೊಂಡು ನೋಡ್ತಾಳಲ್ಲ ಅಂತ, ಅದಕ್ಕೇ ಬರ್ತಿದ್ದೆ ಕಣೇ. ಇಲ್ದಿದ್ರೆ ಯಾವಳು ಕೊಡೆ ಕಡ್ಡಿ ಕಟ್ಕೊಂಡು ನಿಲ್ತಾಳೆ?"

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಗೀಚಿ ಬದುಕಿಕೊಳ್ಳುತ್ತಿದ್ದಳು.

ಆವತ್ತಿನಿಂದ ಅಕ್ಕ ಮನೆಯೊಳಗೂ ದಪ್ಪ ಶಾಲು ಹೊದ್ದುಕೊಂಡೇ ಇರತೊಡಗಿದಳು, ಸೆಕೆಯಲ್ಲೂ. ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡಳು. ಗೀಚಿ ರೂಮಿಗೆ ಬಂದರೆ ಎದ್ದು ಹೋಗುತ್ತಿರಲಿಲ್ಲ, ಮಾತೂ ಬಿಟ್ಟಿರಲಿಲ್ಲ. ಆದರೆ ಗೀಚಿಯ ಕಣ್ಣು ಸ್ವಲ್ಪ ಹೊತ್ತು ತನ್ನ ಮೇಲೆ ನಿಂತರೆ ಸಾಕು, "ಏನು, ಗೆರೆ ಸಿಕ್ತಾ?" ಅನ್ನುತ್ತಿದ್ದಳು. ಗೀಚಿ ನೆಲ ನೋಡಿಕೊಂಡು ಓಡಾಡುವುದನ್ನು ಕಲಿತಳು. ಮಿಷನ್ನಿಗೆ ಗವಸು ಹಾಕಿದ್ದಾಯಿತು. ಅದರ ಸದ್ದು ನಿಂತ ಮೇಲೆ ಮನೆಯಲ್ಲಿ ಪೆನ್ಸಿಲಿನ ಸದ್ದು ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು ಗೊತ್ತಾಯಿತು. ಎಷ್ಟು ಜೋರೆಂದರೆ ಗೀಚಿ ಮೇಜನ್ನು ಅಡುಗೆಮನೆಗೆ ಸಾಗಿಸಿದಳು.

ಸಂಪಾದಕಿಯ ಫೋನು ಮಾತ್ರ ನಿಲ್ಲಲಿಲ್ಲ. ಗೀಚಿ ಕನ್ನಡಿಯಲ್ಲಿ ತನ್ನದೇ ಬೆನ್ನು ನೋಡಿಕೊಂಡು ಬರೆದಳು, ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಕೂತಳು. ನಡೆದು ಹೋಗುವ ಪ್ರತಿಯೊಬ್ಬರ ಬೆನ್ನಿನಲ್ಲೂ ಮಣಿಗಳು ಕಾಣತೊಡಗಿ, ಎದ್ದು ಬಂದಳು. ಮಾಂಸದಂಗಡಿಯವನು, "ಏನಮ್ಮಾ, ರಾಕ್ಷಸರೆಲ್ಲ ರಜಾನಾ?" ಎಂದ. ಅವಳು ಸ್ಟೂಲಿನಲ್ಲಿ ಕೂರಲೇ ಇಲ್ಲ.

ಕೊನೆಗೆ ಮಾಡಬಾರದು ಅಂದುಕೊಂಡದ್ದನ್ನೇ ಮಾಡಿದಳು. ಮಂಚದ ಕೆಳಗಿಂದ ಮೊದಲ ವರ್ಷದ ನೋಟುಬುಕ್ಕು ತೆಗೆದಳು. ಐವತ್ತು ವರ್ಷದ ಅಕ್ಕ, ಕೊಡೆಯ ಕಡ್ಡಿಗಳನ್ನು ಅಗಲಿಸಿ, ನಗು ತಡೆಯಲಾರದೆ ತಲೆ ಹಿಂದಕ್ಕೆ ಎಸೆದಿದ್ದಾಳೆ. ಸ್ಕೇಲು ಇಟ್ಟ ಹಾಗೆ ನೆಟ್ಟಗಿರುವ ಬೆನ್ನು. ಎರಡೇ ದಿನದಲ್ಲಿ ಚಿತ್ರ ಮುಗಿಯಿತು. ಜೀವಮಾನದಲ್ಲಿ ಅವಳು ಬರೆದ ಚಿತ್ರಗಳಲ್ಲೇ ಅದು ಶ್ರೇಷ್ಠವಾದದ್ದು, ಇದರಲ್ಲಿ ಎರಡು ಮಾತಿಲ್ಲ. ನೋಡಿದವರೆಲ್ಲ ಸಂಪಾದಕಿ ಹೇಳಿದ ಹಾಗೆ ಅತ್ತರು.

ಬಿಡುಗಡೆಯ ದಿನ ಪುಸ್ತಕದಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹಲ್ಲು ಬಿದ್ದ ಹುಡುಗಿಯೊಬ್ಬಳು ಕೈಯೆತ್ತಿದಳು. "ಅಜ್ಜಿ ಬೆನ್ನು ಹೇಗೆ ಸರಿಹೋಯ್ತು? ಯಾರು ವಾಸಿ ಮಾಡಿದ್ರು?"

ಇಷ್ಟು ಜನರ ಎದುರಿಗೆ ನಿಜ ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದಳು. "ಹೊತ್ಕೊಂಡಿದ್ದ ಹಳ್ಳಿ ಇಳೀತಲ್ಲ ಪುಟ್ಟಿ, ಅದಕ್ಕೇ ಸರಿಹೋಯ್ತು" ಎಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಹಳ ಹೊತ್ತಿನವರೆಗೂ ನಿಲ್ಲಲೇ ಇಲ್ಲ.

ಮನೆಗೆ ಬಂದು ಪುಸ್ತಕವನ್ನು ಅಕ್ಕನ ಮುಂದಿಟ್ಟಳು. ಅಕ್ಕ ಹಿಂದಿನಿಂದ ತೆರೆದು ಆ ಎರಡು ಪುಟ ನೋಡಿದಳು. ಬೆರಳಿನಿಂದ ಡ್ರ್ಯಾಗನ್ನಿನ ಬೆನ್ನುದ್ದಕ್ಕೂ ಸವರಿದಳು.

"ಯಾವಾಗಿಂದು ಇದು?"

"ಮೊದಲ್ನೇ ವರ್ಷದ್ದು. ನಿಂಗೆ ಐವತ್ತಾಗಿತ್ತು."

"ಎಷ್ಟು ಚೆನ್ನಾಗಿದ್ದೆ ಕಣೇ ನಾನು" ಎಂದಳು ಅಕ್ಕ. "ಆವಾಗಾದ್ರೂ ಒಂದ್ಸಲ ಹೇಳ್ಬಹುದಿತ್ತು" ಎಂದು ಪುಸ್ತಕ ಮುಚ್ಚಿ, ಟೀಪಾಯಿಯ ಮೇಲೆ ತಲೆಕೆಳಗಾಗಿ ಇಟ್ಟಳು.

ಮರುದಿನ ಭಾನುವಾರ, ತಿಂಗಳ ಅಳತೆಯ ದಿನ. ಗೀಚಿ ಟೇಪು ಹಿಡಿದು ಬಾಗಿಲ ಚೌಕಟ್ಟಿನ ಹತ್ತಿರ ನಿಂತಿದ್ದಳು. ಇಷ್ಟು ಕಾಲ ಮಾಡದೇ ಇದ್ದದ್ದನ್ನು ಇನ್ನಾದರೂ ಮಾಡುತ್ತೇನೆ, ಕೂದಲೆಳೆಯಷ್ಟು ಕಡಿಮೆಯಾದರೂ ಕಂಡುಹಿಡಿಯುತ್ತೇನೆ, ಎತ್ತಿಕೊಂಡಾದರೂ ಡಾಕ್ಟರ ಹತ್ತಿರ ಓಡುತ್ತೇನೆ ಎಂದು ವಾರದಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಈ ಕೆಲಸಕ್ಕೆ ಅವಳಿಗಿಂತ ಒಳ್ಳೆಯ ಕಣ್ಣು ಇನ್ನೆಲ್ಲಿ ಸಿಗಬೇಕು?

ಅಕ್ಕ ಬೆಲ್ಟು ಸರಿಮಾಡಿಕೊಂಡು ಬಂದಳು. ಟೇಪನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಮೆಟ್ಟಿಲ ಬುಡಕ್ಕೆ ಹೋಗಿ ಮೇಲಕ್ಕೆ ಕೂಗಿದಳು, "ಟೀಚರೇ, ಒಂದೈದು ನಿಮಿಷ ಬರ್ತೀರಾ?"

ಟೀಚರ್ ಇಳಿದು ಬಂದರು. ಇಬ್ಬರೂ ಒಳಗಿನ ರೂಮಿಗೆ ಹೋದರು, ಬಾಗಿಲು ಹಾಕಿಕೊಂಡರು. ಗೀಚಿ ಹೊರಗೆ ನಿಂತಳು. ಒಳಗೆ ಶಾಲು ತೆಗೆದಿಟ್ಟ ಸದ್ದು. ಟೇಪು ಎಳೆದ ಸದ್ದು.

"ಹಿಮ್ಮಡಿ ಒತ್ತಿ ನಿಲ್ಲಿ... ಹಾಂ. ಹೋದ ಸಲ ಡಾಕ್ಟ್ರು ಅಳೆದಾಗ ಎಷ್ಟಿತ್ತು?" ಕಾಗದ ಮಡಿಚಿದ್ದನ್ನು ಬಿಚ್ಚಿದ ಸದ್ದು. ಆಮೇಲೆ ಟೀಚರ ದನಿ ಒಮ್ಮೆಲೇ ಇಳಿಯಿತು. "ಅಯ್ಯೋ, ಇರಿ, ಇನ್ನೊಂದ್ಸಲ ನೋಡ್ತೀನಿ."

ಗೀಚಿ ಬಾಗಿಲಿಗೆ ಕೈ ಇಟ್ಟಳು. "ಎಷ್ಟು ಟೀಚರೇ?"

ಒಳಗೆ ಮತ್ತೊಮ್ಮೆ ಟೇಪು ಎಳೆದ ಸದ್ದು.

"ಅಕ್ಕ! ಎಷ್ಟಾಗಿದೆ? ಹೇಳೇ!"

"ಅವಳಿಗೆ ಹೇಳ್ಬೇಡಿ ಟೀಚರೇ" ಎಂದಳು ಅಕ್ಕ. "ಬರ್ಕೊಂಡ್ಬಿಡ್ತಾಳೆ. ಡಾಕ್ಟ್ರ ಹತ್ರ ನೀವೇ ಬನ್ನಿ ನನ್ ಜೊತೆ."